ಟೇಪಣ್ಣನ ಎರಡನೇ ಲೈವು

"ನೀನೇ ಕಣೇ ಕಿತ್ತು ಹಾಕಿದ್ದು! ನೀನು ಬಟ್ಟೆ ಒಗೀತೀಯೋ, ಇಲ್ಲಾ ಬಂಡೆ ಒಡೀತೀಯೋ?"

"ನಾನು ಒಗೆದ ಬಟ್ಟೇಲಿ ಇವತ್ತಿನವರೆಗೂ ಒಂದು ಎಳೆ ಸಡಿಲ ಆಗಿಲ್ಲ. ನಿಮ್ಮ ಹೊಟ್ಟೇನ ಕೇಳಿ, ಗುಂಡಿ ಎಲ್ಲಿಗೆ ಹಾರ್ತು ಅಂತ."

"ನನ್ನ ಹೊಟ್ಟೆ ವಿಷಯಕ್ಕೆ ಬರಬೇಡ!"

"ನಾನೆಲ್ಲಿ ಬಂದೆ? ಅದೇ ಎಲ್ಲರಿಗಿಂತ ಮುಂದೆ ಬಂದು ನಿಂತಿದೆ."

ಹೊಲಿಗೆ ಅಂಗಡಿಯೊಳಗೆ ಬೆಳಗ್ಗೆ ಬೆಳಗ್ಗೆಯೇ ಗಂಡ ಹೆಂಡತಿಯ ಜಗಳ ಶುರುವಾಗಿತ್ತು. ಗಂಡನ ಕೈಯಲ್ಲಿ ಕತ್ತರಿ, ಹೆಂಡತಿಯ ಕೈಯಲ್ಲಿ ಸೂಜಿ. ದಾರಿಯಲ್ಲಿ ಹೋಗುವವರು ನೋಡಿದ್ದರೆ ಪೊಲೀಸರನ್ನು ಕರೆಯುತ್ತಿದ್ದರು. ಆದರೆ ಬೈಯುತ್ತಲೇ ಅವನು ಬಟ್ಟೆ ಕತ್ತರಿಸುತ್ತಿದ್ದ, ತಿರುಗಿ ಬೈಯುತ್ತಲೇ ಅವಳು ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದಳು. ಜಗಳ ಆಡುವುದಕ್ಕೆಂದೇ ಅವನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದ.

ಊಟ ಮಾಡುವಾಗಲೂ ಮಲಗುವಾಗಲೂ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಅವನಿಗೆ ಟೇಪಣ್ಣ ಎಂದು ಹೆಸರಿಟ್ಟಿದ್ದರು. ಸ್ವಂತ ಹೆಸರು ಅವನಿಗೇ ಮರೆತಂತಾಗಿತ್ತು.

ಜಗಳದ ಕಾರಣ ಒಂದು ಬಿಳಿ ಗುಂಡಿ. ಅಷ್ಟೇ.

ಬೀದಿಯ ಕೊನೆಯಲ್ಲಿ ಗಾಜಿನ ಬಾಗಿಲಿನ ರೆಡಿಮೇಡ್ ಅಂಗಡಿ ಬಂದಾಗಿನಿಂದ ಟೇಪಣ್ಣನಿಗೆ ಹೊಸ ಬಟ್ಟೆ ಹೊಲಿಯುವ ಯೋಗ ತಪ್ಪಿಹೋಗಿತ್ತು. ಕಿತ್ತ ಜಿಪ್ಪು, ಉದ್ದವಾದ ಕಾಲು, ಬಿಗಿಯಾದ ಸೊಂಟ, ಇವಿಷ್ಟೇ ಬರುತ್ತಿದ್ದವು. ಆಗ ಹೆಂಡತಿಯ ತಮ್ಮ, ಮೊಬೈಲ್ ಅಂಗಡಿಯಲ್ಲಿ ಕೂರುವವನು, ಬಂದು ಕಿವಿಯೂದಿದ. "ಭಾವ, ಈಗ ಬೋರ್ಡ್ ನೋಡಿ ಯಾರೂ ಬರಲ್ಲ. ಲೈವ್ ಮಾಡಿ, ಲೈವ್!" ಟೇಪಣ್ಣ ಮದುವೆ ಮನೆಗೆ ಹಾಕುವ ಬಿಳಿ ಅಂಗಿ, ಕಪ್ಪು ಪ್ಯಾಂಟು ತೊಟ್ಟು ಮೊದಲ ಲೈವಿಗೆ ನಿಂತೇಬಿಟ್ಟ. ಫೋನು ಮೆಷಿನ್ನಿನ ಮೇಲಿಂದ ಜಾರಿತು. ಜನ ಬಹಳ ಹೊತ್ತು ಚಾವಣಿಯ ಜೇಡರ ಬಲೆ ನೋಡಿದರು. ಆಮೇಲೆ ಬಾಯಿ ತುಂಬ ಗುಂಡುಸೂಜಿ ಕಚ್ಚಿದ ಮುಖ ಕಂಡಿತು. ಕೊನೆಗೆ, ಅವನು ಎದ್ದು ನಿಂತಾಗ, ಹೊಟ್ಟೆಯ ನಟ್ಟನಡುವೆ ಒಂದು ಗುಂಡಿ ಇರಬೇಕಾದ ಜಾಗದಲ್ಲಿ ಬನಿಯನ್ನು ಇಣುಕುತ್ತಿತ್ತು. ರೆಡಿಮೇಡ್‌ನವನು ಕೂಡಲೇ ಬರೆದ: "ಟೈಲರ್ ಸಾಹೇಬ್ರೇ, ಮೊದಲು ನಿಮ್ಮ ಗುಂಡಿ ಹಾಕ್ಕೊಳ್ಳಿ."

ವಾರವೆಲ್ಲ ಬೀದಿ ನಕ್ಕಿತು. ಮಕ್ಕಳು ಅಂಗಡಿಯ ಮುಂದೆ ಹೊಟ್ಟೆಯ ಮೇಲೆ ಬೆರಳಿಟ್ಟುಕೊಂಡು ಓಡಾಡಿದವು.

ನಕ್ಕರೆ ನಗಲಿ ಎಂದು ಬಿಡಬಹುದಿತ್ತು. ಆದರೆ ನಕ್ಕವರಲ್ಲಿ ಶಾಲೆಯ ಹೆಡ್‌ಮಿಸ್ಸೂ ಇದ್ದರು. ಅವರ ಕೈಯಲ್ಲಿ ಶಾಲಾ ಬ್ಯಾಂಡಿನ ಬಟ್ಟೆಯ ಆರ್ಡರಿತ್ತು. ಇಡೀ ಬ್ಯಾಂಡಿಗೆ ಕೋಟು, ಪ್ಯಾಂಟು! ಅದು ಸಿಕ್ಕರೆ ಟೇಪಣ್ಣ ಮತ್ತೆ ಟೈಲರಾಗುತ್ತಿದ್ದ. ಸಿಗದಿದ್ದರೆ ಜಿಪ್ಪು ಹಾಕುತ್ತಲೇ ಮುದುಕನಾಗಬೇಕು. ಹೆಡ್‌ಮಿಸ್ಸು ನಿನ್ನೆ ಬಂದು ನಿಂತಲ್ಲೇ ಹೇಳಿ ಹೋಗಿದ್ದರು.

"ಟೇಪಣ್ಣ, ನಿಮಗೇ ಕೊಡ್ಬೇಕು ಅಂತಿದ್ದೆ. ಆದ್ರೆ ಕಮಿಟಿಯವರು ಆ ಗುಂಡಿ ನೋಡಿ ಇನ್ನೂ ನಗ್ತಾ ಇದಾರೆ. ನಾಳೆ ಸಂಜೆ ಐದಕ್ಕೆ ಇನ್ನೊಂದು ಲೈವ್ ಮಾಡಿ, ಸ್ಯಾಂಪಲ್ ಪ್ಯಾಂಟ್ ತೋರ್ಸಿ. ನಾವೆಲ್ಲ ಕೂತು ನೋಡ್ತೀವಿ. ಒಂದೇ ಒಂದು ಎಡವಟ್ಟಾಯ್ತೋ, ಆರ್ಡರು ಗಾಜಿನ ಬಾಗಿಲಿಗೆ ಹೋಗುತ್ತೆ."

ಅದಕ್ಕೇ ಈ ಬೆಳಗಿನ ಜಗಳ. ಕಳೆದ ಮಾನಕ್ಕೆ ಯಾರು ಹೊಣೆ ಎಂದು ತೀರ್ಮಾನವಾಗಬೇಕಿತ್ತು.

"ಗುಂಡಿ ನನ್ನ ಕೈಯಿಂದ ಹೋಗಿದ್ದು ಅಂತಾದ್ರೆ ಈ ಅಂಗಡಿ ಮೆಟ್ಲು ಹತ್ತಲ್ಲ," ಎಂದಳು ಹೆಂಡತಿ, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡುತ್ತ. "ನಿಮ್ಮ ಹತ್ರಾನೇ ಸಿಕ್ಕಿದ್ರೆ?"

"ನನ್ನ ಹತ್ರ ಸಿಕ್ಕಿದ್ರೆ ಈ ಟೇಪು ತೆಗೆದು ನಿನ್ನ ಕೊರಳಿಗೆ ಹಾಕ್ತೀನಿ. ನೀನೇ ಟೈಲರ್ ಆಗು!"

"ಮಾತು ನೆನಪಿರ್ಲಿ."

"ಟೈಲರ್ ಮಾತು. ಕತ್ತರಿ ಹಾಕಿದ ಮೇಲೆ ಮುಗೀತು."

ಅವಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಬೇಡವೆನ್ನಿಸಿ ಮತ್ತೆ ಕಾಜಾಕ್ಕೆ ತಲೆ ತಗ್ಗಿಸಿದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಬಾಮೈದ ಬಂದ. ಒಂದು ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಇನ್ನೊಂದರಲ್ಲಿ ಬಳೆಯಾಕಾರದ ದೊಡ್ಡ ದೀಪ. ಆಪರೇಷನ್ನಿಗೆ ಬಂದ ಡಾಕ್ಟರನ ಹಾಗೆ ಅಂಗಡಿಯನ್ನೆಲ್ಲ ಒಮ್ಮೆ ದಿಟ್ಟಿಸಿದ.

"ಲೈವಲ್ಲಿ ಮಾನ ಹೋಗೋ ದಾರಿ ಎಲ್ಲ ನನಗೆ ಗೊತ್ತು ಭಾವ. ನನ್ನದು ಎರಡು ಸಲ ಹೋಗಿದೆ. ಇವತ್ತು ಒಂದು ದಾರೀನೂ ತೆರೆದಿರಬಾರದು. ಮೊದಲು ಫೋನು. ಮಧ್ಯದಲ್ಲಿ ಯಾವನಾದ್ರೂ ಕರೆ ಮಾಡಿದ್ರೆ ಲೈವ್ ನಿಂತುಹೋಗುತ್ತೆ. ಒಂದೂ ಕರೆ ಬರದ ಹಾಗೆ ಮಾಡಿದೀನಿ."

"ಭೇಷ್!" ಎಂದ ಟೇಪಣ್ಣ.

"ಶಟರು ಎಳೆದು ಒಳಗಿಂದ ಚಿಲಕ ಹಾಕೋದು. ಗಿರಾಕಿ ನುಗ್ಗಿದ್ರೆ ಕಷ್ಟ."

"ಭೇಷ್!"

"ಪಕ್ಕದ ಹಿಟ್ಟಿನ ಗಿರಣಿ ಬಂದ್ ಆಗ್ಬೇಕು. ಆ ಸದ್ದಲ್ಲಿ ನಿಮ್ಮ ಮಾತು ಯಾರಿಗೂ ಕೇಳ್ಸಲ್ಲ."

ಟೇಪಣ್ಣ ಓಡಿಹೋಗಿ ಗಿರಣಿಯವನ ಕೈ ಹಿಡಿದುಕೊಂಡ. ಗಿರಣಿಯವನು ದೊಡ್ಡ ಮನಸ್ಸಿನವನು. "ಅಯ್ಯೋ, ಇಷ್ಟಕ್ಕೆಲ್ಲ ಕೈ ಹಿಡೀಬೇಕಾ ಟೇಪಣ್ಣ? ಐದಕ್ಕೆ ನಿಲ್ಲಿಸ್ತೀನಿ. ನಾನೂ ನನ್ನ ಹೆಂಡತೀನೂ ಕೂತು ನಿನ್ನ ಲೈವೇ ನೋಡ್ತೀವಿ," ಎಂದ.

"ಅಕ್ಕ," ಬಾಮೈದ ಹೆಂಡತಿಯ ಕಡೆ ತಿರುಗಿದ, "ನೀನು ಹಿಂದಿನ ಕೋಣೆ ಬಿಟ್ಟು ಬರಬೇಡ. ಲೈವಲ್ಲಿ ಹಿಂದೆ ಹೆಂಗಸರು ಹಾದುಹೋದ್ರೆ ಜನ ಅದನ್ನೇ ನೋಡ್ತಾರೆ. ಏನೇ ಆದ್ರೂ ಬರಬೇಡ."

"ಅಂಗಡಿಗೆ ಬೆಂಕಿ ಬಿದ್ರೂ ಬರಲ್ಲ," ಎಂದಳು ಅವಳು.

"ಭಾವ, ಆ ಚಡ್ಡಿ ಬಿಚ್ಚಿ, ಪೂರ್ತಿ ಪ್ಯಾಂಟ್ ಹಾಕಿ. ಎದ್ದು ನಿಂತ್ರೆ ಕಾಣುತ್ತೆ. ಮತ್ತೆ ಕನ್ನಡಕ ತೆಗೀರಿ. ಗಾಜಿನೊಳಗೆ ಈ ದೀಪ ಎರಡು ಉಂಗುರ ಆಗಿ ಕಾಣುತ್ತೆ, ಗೂಬೆ ಥರ."

"ಕನ್ನಡಕ ಇಲ್ದೆ ಜನ ಬರೆಯೋದು ಓದಕ್ಕಾಗಲ್ವಲ್ಲೋ?"

"ಓದೋಕೆ ನಾನಿಲ್ವಾ? ನಾನು ಕ್ಯಾಮೆರಾ ಹಿಂದೆ ನಿಂತು ಸನ್ನೆ ಮಾಡ್ತೀನಿ. ಮಾತಾಡಲ್ಲ. ಹಿಂದಿನಿಂದ ಇನ್ನೊಂದು ಧ್ವನಿ ಬಂದ್ರೆ ಅಸಹ್ಯ. ಕೊನೇದು, ಗುಂಡುಸೂಜಿ. ಅದು ಬಾಯಲ್ಲಿ ಬೇಡ್ವೇ ಬೇಡ. ಹೋದ ಸಲ ಮುಳ್ಳುಹಂದಿ ಕಂಡ ಹಾಗಿತ್ತು."

ಟೇಪಣ್ಣನ ಮುಖ ಸಣ್ಣದಾಯಿತು. ಅಂಗಡಿ ತೆರೆದ ದಿನದಿಂದಲೂ ಅವನ ತುಟಿಗಳ ನಡುವೆ ಗುಂಡುಸೂಜಿಯ ಸಾಲು ಇದ್ದೇ ಇತ್ತು. ಅಳತೆ ಕೊಡಲು ಬಂದ ಗಂಡಸರು ಎರಡೂ ಕೈ ಚಾಚಿ ನಿಂತು ಮನೆಯ ವಿಷಯ, ಮೈಯ ವಿಷಯ, ಹೆಂಡತಿಯ ವಿಷಯ ಎಲ್ಲ ತೋಡಿಕೊಳ್ಳುತ್ತಿದ್ದರು. ಅವನು "ಉಂ", "ಉಹುಂ" ಎನ್ನುತ್ತಿದ್ದ. ಹೀಗಾಗಿ ಟೇಪಣ್ಣನಷ್ಟು ಗುಟ್ಟು ಕಾಯುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಬೀದಿಯ ಗಂಡಸರು ನಂಬಿದ್ದರು. ಶುದ್ಧ ಸುಳ್ಳು. ಗುಟ್ಟು ಕಾಯುತ್ತಿದ್ದದ್ದು ಅವನಲ್ಲ, ಗುಂಡುಸೂಜಿ.

ಆ ನಂಬಿಕೆಯ ಮೇಲೆ ಅವರೆಲ್ಲ ಅವನಿಂದ ಒಂದು ವಿಶೇಷ ಕೆಲಸ ಮಾಡಿಸಿಕೊಂಡಿದ್ದರು. ಪ್ಯಾಂಟಿನ ಸೊಂಟಪಟ್ಟಿಯ ಒಳಗೆ, ಬಲಗಡೆ, ಕಣ್ಣಿಗೆ ಕಾಣದ, ತಿಳಿದವರ ಎರಡು ಬೆರಳಿಗೆ ಮಾತ್ರ ದಾರಿ ಬಿಡುವ ಒಂದು ಪುಟ್ಟ ಜೇಬು. ಗುಟ್ಟಿನ ಜೇಬು! ರೆಡಿಮೇಡ್‌ನವನ ಅಪ್ಪನಿಂದಲೂ ಅಂಥದ್ದು ಹೊಲಿಯಲಾಗದು. ಹೆಂಡತಿಯರಿಗೆ ತಿಳಿಯದ ವಸ್ತುಗಳೆಲ್ಲ ಅಲ್ಲಿ ಸುಖವಾಗಿದ್ದವು. ಟೇಪಣ್ಣ ತನ್ನ ಪ್ಯಾಂಟುಗಳಿಗೂ ಹಾಕಿಕೊಂಡಿದ್ದ. ತನ್ನ ಹೆಂಡತಿಗೂ ತಿಳಿಯದೆಂದೇ ಅವನ ಎಣಿಕೆ.

"ರೀ," ಹಿಂದಿನ ಕೋಣೆಯ ಪರದೆಯ ಸಂದಿಯಿಂದ ಹೆಂಡತಿ ತಲೆ ಹಾಕಿದಳು. "ಅವನ ಮಾತು ಕೇಳಬೇಡಿ. ಗುಂಡುಸೂಜಿ ಬಾಯಲ್ಲೇ ಇರ್ಲಿ. ನಿಮಗೆ ಅದೇ ಕ್ಷೇಮ."

"ನೀನು ಒಳಗೆ ಹೋಗು ಅಂದ್ರೆ!" ಎಂದರು ಭಾವ ಬಾಮೈದ ಇಬ್ಬರೂ ಒಟ್ಟಿಗೆ.

ಐದು ಗಂಟೆಗೆ ಇನ್ನೇನು ಸ್ವಲ್ಪ ಹೊತ್ತಿತ್ತು. ಸ್ಯಾಂಪಲ್ ಪ್ಯಾಂಟು ಕಡು ನೀಲಿ ಬಣ್ಣದ್ದು, ಟೇಪಣ್ಣ ಜೀವ ಸುರಿದು ಹೊಲಿದದ್ದು. ಅದಕ್ಕೆ ಕೊನೆಯ ಇಸ್ತ್ರಿ ಹಾಕುತ್ತಿದ್ದ. ಫ್ಯಾನು ಸದ್ದು ಮಾಡುತ್ತದೆಂದು ಬಾಮೈದ ಅದನ್ನೂ ನಿಲ್ಲಿಸಿದ್ದ. ಬೆವರು ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ಇಳಿಯುತ್ತಿತ್ತು.

"ಭಾವ, ಕೈ ನೋಡ್ಬೇಡಿ! ಕ್ಯಾಮೆರಾ ನೋಡಿ! ಕೆಲಸ ಮಾಡ್ತಾ ಮಾಡ್ತಾ ಕ್ಯಾಮೆರಾ ನೋಡೋದು ಅಭ್ಯಾಸ ಆಗ್ಬೇಕು. ಹಾಂ... ನಗಿ... ಹಲ್ಲು ಅಷ್ಟೊಂದು ಬೇಡ... ಕಣ್ಣಲ್ಲಿ ನಗಿ..."

ಟೇಪಣ್ಣ ಕ್ಯಾಮೆರಾ ನೋಡಿದ. ಕಣ್ಣಲ್ಲಿ ನಕ್ಕ. ಹುಬ್ಬಲ್ಲಿ ನಕ್ಕ. ಬಾಮೈದ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಲೇ ಇದ್ದ. ಅವನು ನಗುತ್ತಲೇ ಇದ್ದ. ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ಇತ್ತು.

ಹೊಗೆ ಕ್ಯಾಮೆರಾದಲ್ಲಿ ಮೊದಲು ಕಂಡಿತು. ಇಸ್ತ್ರಿಪೆಟ್ಟಿಗೆ ಎತ್ತಿದಾಗ ಪ್ಯಾಂಟಿನ ಹಿಂಭಾಗದಲ್ಲಿ ದೋಣಿಯಾಕಾರದ ಕಿಟಕಿಯೊಂದು ತೆರೆದುಕೊಂಡಿತ್ತು.

"ಏನೇ! ಸುಟ್ಟು ಹೋಯ್ತಲ್ಲೇ! ಬಾರೇ ಇಲ್ಲಿ!" ಎಂದು ಟೇಪಣ್ಣ ಕಿರುಚಿದ.

"ಬೆಂಕಿ ಬಿದ್ರೂ ಬರಲ್ಲ ಅಂತ ಹೇಳಿದ್ನಲ್ಲ," ಎಂದು ಪರದೆಯ ಹಿಂದಿನಿಂದ ಉತ್ತರ ಬಂತು.

ಟೇಪಣ್ಣ ತಲೆಯ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಸಿದ. ಆದರೆ ಬಾಮೈದ ಸೋಲುವ ಪೈಕಿಯವನಲ್ಲ. ಗೋಡೆಯ ಕೊಕ್ಕೆಗಳ ಮೇಲೆ ನೇತಾಡುತ್ತಿದ್ದ ಬಟ್ಟೆಗಳನ್ನೆಲ್ಲ ಸರಸರ ಸರಿಸಿ ಒಂದು ಕಡು ನೀಲಿ ಪ್ಯಾಂಟನ್ನು ಎಳೆದ. ಅದಕ್ಕೆ ಚುಚ್ಚಿದ್ದ ಹೆಸರಿನ ಚೀಟಿ ಕಿತ್ತು ಬಿಸಾಡಿದ.

"ಭಾವ, ಅದೇ ಬಣ್ಣ! ನೀವು ಹೊಲಿದದ್ದು ತಾನೇ?"

ಟೇಪಣ್ಣ ಕನ್ನಡಕವಿಲ್ಲದ ಕಣ್ಣಿಗೆ ಪ್ಯಾಂಟು ಹಿಡಿದ. ಎಲ್ಲ ನೀಲಿಯಾಗಿ ಕಂಡಿತು. ಹೊಲಿಗೆಯ ಮೇಲೆ ಬೆರಳಾಡಿಸಿದ. "ನನ್ನದೇ ಹೊಲಿಗೆ. ಯಾರದ್ದೋ ಸೊಂಟ ಸಡಿಲ ಮಾಡೋಕೆ ಬಂದಿದ್ದು."

"ಯಾರದ್ದಾದ್ರೆ ಏನು? ಸಮಯ ಆಯ್ತು. ನಿಲ್ಲಿ! ನಿಲ್ಲಿ!"

ಯಾರದ್ದಾದರೆ ಏನು! ಅದು ಡ್ರಾಯಿಂಗ್ ಮೇಷ್ಟ್ರದ್ದು. ಡ್ರಾಯಿಂಗ್ ಮೇಷ್ಟ್ರು ಎಂದರೆ ಹೆಡ್‌ಮಿಸ್ಸಿನ ಗಂಡ.

ಗಿರಣಿ ನಿಂತಿತು. ಶಟರು ಮುಚ್ಚಿತು. ದೀಪ ಹೊತ್ತಿತು. ಬಾಮೈದ ಗಾಳಿಯಲ್ಲಿ ಕೈ ಬೀಸಿದ. ಲೈವು ಶುರು!

"ಎಲ್ಲರಿಗೂ ನಮಸ್ಕಾರ," ಎಂದ ಟೇಪಣ್ಣ. ಬೆಕ್ಕಿನ ಬಾಲ ತುಳಿದಂತೆ ದನಿ ಕೀಚಲಾಗಿ ಬಂತು. ಬಾಮೈದ ಹೆಬ್ಬೆರಳೆತ್ತಿ ತೋರಿಸಿದ. ಫೋನು ಬೀಳಲಿಲ್ಲ. ಅಂಗಿಗೆ ಗುಂಡಿಗಳೆಲ್ಲ ಇದ್ದವು. ಚಾವಣಿ ಕಾಣಲಿಲ್ಲ. ಟೇಪಣ್ಣನಿಗೆ ಧೈರ್ಯ ಬಂತು.

"ಇದು ಬ್ಯಾಂಡಿನ ಪ್ಯಾಂಟು. ನೋಡಿ ಈ ಅಂಚು. ನೋಡಿ ಈ ಕಾಜಾ. ಗಾಜಿನ ಬಾಗಿಲಿನ ಅಂಗಡೀಲಿ ಇಂಥ ಕಾಜಾ ಸಿಗುತ್ತಾ? ಅಲ್ಲಿ ಕಾಜಾ ಅಂದ್ರೆ ಇಲಿ ಕಡಿದ ಹಾಗಿರುತ್ತೆ!"

ಬಾಮೈದ ಎರಡೂ ಹೆಬ್ಬೆರಳು ಎತ್ತಿದ. ನೋಡುವವರ ಸಂಖ್ಯೆ ಏರುತ್ತಿತ್ತು. ಇಡೀ ಬೀದಿ, ಇಡೀ ಶಾಲೆ, ಆ ಮಗುವಿನ ಅಪ್ಪ, ಈ ಮಗುವಿನ ಅಮ್ಮ, ಎಲ್ಲರೂ ಬಂದು ಕೂತಿದ್ದರು. ಟೇಪಣ್ಣನ ಎದೆ ಹಿಗ್ಗಿತು. ಬಾಯಿ ಸಡಿಲಾಯಿತು. ಅಷ್ಟು ವರ್ಷ ಗುಂಡುಸೂಜಿಯ ಹಿಂದೆ ಕೂಡಿಹಾಕಿದ್ದ ಮಾತುಗಳೆಲ್ಲ ಬಾಗಿಲು ತೆಗೆದ ಶಾಲೆಯ ಮಕ್ಕಳಂತೆ ಹೋ ಎಂದು ಹೊರಬಿದ್ದವು.

"ಇನ್ನು ಜೇಬು ನೋಡಿ. ಇದು ಎಡ ಜೇಬು, ಇದು ಬಲ ಜೇಬು. ರೆಡಿಮೇಡ್‌ನವನ ಕತೆ ಇಲ್ಲಿಗೆ ಮುಗೀತು. ಆದ್ರೆ ನನ್ನ ಕತೆ..." ಅವನ ಎರಡು ಬೆರಳು ತಾವಾಗಿಯೇ ಸೊಂಟಪಟ್ಟಿಯೊಳಗೆ ಹೋದವು. ಗುಟ್ಟಿನ ಜೇಬು ಬೆರಳಿಗೆ ಸಿಕ್ಕಿತು. ತಾನು ಹೊಲಿದ ಅತಿ ಒಳ್ಳೆಯ ವಸ್ತು ಅದು, ಅದನ್ನು ಇಂದಿನವರೆಗೂ ಯಾರ ಮುಂದೆಯೂ ಹೊಗಳಿಕೊಳ್ಳಲಾಗಿರಲಿಲ್ಲ. ಅವನ ಕಣ್ಣು ತುಂಬಿ ಬಂತು. "ಈಗ ನೋಡಿ! ಹುಡುಕಿ ನೋಡೋಣ, ಎಲ್ಲಿದೆ? ಕಾಣ್ಸಲ್ಲ! ಕಟ್ಕೊಂಡ ಹೆಂಡತಿ ಪ್ಯಾಂಟು ತಲೆಕೆಳಗೆ ಮಾಡಿ ಜಾಡಿಸಿದ್ರೂ ಸಿಗಲ್ಲ!"

ಪರದೆಯ ಹಿಂದೆ ಏನೋ ಬಿದ್ದ ಸದ್ದಾಯಿತು.

ಫೋನಿನ ಮೇಲೆ ಬರಹಗಳು ಹರಿದು ಬಂದವು. 'ಟೇಪಣ್ಣ ಸಾಕು.' 'ಟೇಪಣ್ಣ ನಿಲ್ಸು.' 'ಲೋ, ಬಾಯ್ಮುಚ್ಚೋ!' ಟೇಪಣ್ಣನಿಗೆ ಕನ್ನಡಕವಿಲ್ಲ. ಅವನಿಗೆ ಕಂಡದ್ದು ಇರುವೆಗಳ ಮೆರವಣಿಗೆ. "ಓಹೋ, ಎಷ್ಟೊಂದು ಜನ ಬರೀತಿದಾರೆ! ಸಂತೋಷ, ಸಂತೋಷ!" ಎಂದ. ಬಾಮೈದ ಓದುತ್ತಿದ್ದ, ನಿಜ. ಆದರೆ ಸಂಖ್ಯೆ ಇನ್ನೂರು, ಮುನ್ನೂರು ಎಂದು ಹಾರುವುದನ್ನು ನೋಡಿ ಅವನಿಗೆ ತಲೆ ತಿರುಗಿತ್ತು. ಮುಂದುವರಿಸಿ, ಮುಂದುವರಿಸಿ ಎಂದು ಕೈ ತಿರುಗಿಸಿದ.

ಟೇಪಣ್ಣ ಮುಂದುವರಿಸಿದ.

"ಇದು ಯಾರಿಗೆ ಹೊಲಿದು ಕೊಟ್ಟಿದೀನಿ ಅಂತ ಹೆಸರು ಹೇಳಲ್ಲ. ಗುಟ್ಟು ಅಂದ್ರೆ ಗುಟ್ಟು. ನಮ್ಮ ಪಕ್ಕದಲ್ಲೇ ಒಬ್ರು ಇದಾರೆ. ಮೈಯೆಲ್ಲ ಹಿಟ್ಟು. ಸಿಗರೇಟು ಬಿಟ್ಟೆ ಅಂತ ಮನೇಲಿ ಆಣೆ ಮಾಡಿದಾರೆ. ಎಲ್ಲಿ ಬಿಟ್ರು? ಈ ಜೇಬಲ್ಲಿ ಬಿಟ್ರು! ಇನ್ನೊಬ್ರು ಔಷಧಿ ಅಂಗಡಿಯೋರು. ಹೆಂಡತಿ ಟಿವಿ ಹಾಕ್ಬಾರದು ಅಂತ ರಿಮೋಟಿನ ಬ್ಯಾಟರಿ ಕಿತ್ತು ಈ ಜೇಬಲ್ಲಿ ಇಟ್ಕೊಂಡು ಅಂಗಡಿಗೆ ಹೋಗ್ತಾರೆ. ಹೆಸರು ಮಾತ್ರ ಹೇಳಲ್ಲ!"

ಗಿರಣಿ ಓಡುತ್ತಿದ್ದರೆ ಇದರಲ್ಲಿ ಒಂದು ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಗಿರಣಿ ನಿಂತಿತ್ತು. ಗಿರಣಿಯವನು ಹೆಂಡತಿಯ ಪಕ್ಕದಲ್ಲೇ ಕೂತು ನೋಡುತ್ತಿದ್ದ. ಡ್ರಾಯಿಂಗ್ ಮೇಷ್ಟ್ರು ತಮ್ಮ ಮನೆಯ ಬಚ್ಚಲಿಗೆ ಓಡಿಹೋಗಿ ಅಲ್ಲಿಂದ ಕರೆ ಮಾಡಿದರು, ಮತ್ತೆ ಮಾಡಿದರು. ಕರೆ ಬರದ ಹಾಗೆ ಬಾಮೈದ ಮೊದಲೇ ಮಾಡಿದ್ದ.

"ಈಗ ಈ ಪ್ಯಾಂಟಲ್ಲಿ ಏನಿದೆ ನೋಡೋಣ," ಎಂದು ಟೇಪಣ್ಣ ಜಾದೂಗಾರನ ಹಾಗೆ ಬೆರಳು ಹೊರಗೆಳೆದ. ಹೊಳೆಯುವ ಕಾಗದದ ಚೂರೊಂದು ಬಂತು. "ಮಿಠಾಯಿ ಕಾಗದ! ಯಾರೋ ಸಿಹಿ ತಿಂದು ಸೊಂಟ ಊದಿಸಿಕೊಂಡಿದಾರೆ. ಪಾಪ, ಮನೇಲಿ ತಿನ್ನೋಕೆ ಬಿಡಲ್ವೇನೋ! ಯಾರದ್ದು ಅಂತ ನನಗೂ ಗೊತ್ತಿಲ್ಲ. ಇಲ್ಲಿ ಮೊಣಕಾಲ ಹತ್ರ ಏನೋ ಕಲೆ ಇದೆ..." ಅವನು ಮೊಣಕಾಲನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದ. ಕೆಂಪು ಶಾಯಿಯ ಕಲೆ. ಪರೀಕ್ಷೆಯ ಪೇಪರು ತಿದ್ದುವ ಶಾಯಿ. ಆ ಶಾಯಿಯನ್ನು ಆ ಪ್ಯಾಂಟಿನ ಮೇಲೆ ಚೆಲ್ಲಿದವರು ಹೆಡ್‌ಮಿಸ್ಸೇ.

ಆಗಲೇ ಶಟರಿನ ಮೇಲೆ ಮೊದಲ ಏಟು ಬಿತ್ತು.

ದಬ! ದಬದಬ! "ತೆಗಿಯೋ ಬಾಗಿಲು! ಟೇಪಣ್ಣ! ತೆಗಿಯೋ ಮುಠ್ಠಾಳ!"

"ಕೇಳಿದ್ರಾ?" ಟೇಪಣ್ಣ ಕ್ಯಾಮೆರಾಕ್ಕೆ ಹೇಳಿದ. "ಗಿರಾಕಿಗಳು ಆಗಲೇ ಬಂದ್ರು! ಒಬ್ಬೊಬ್ಬರಾಗಿ ಬನ್ನಿ, ಎಲ್ಲರಿಗೂ ಜೇಬು ಹಾಕಿಕೊಡ್ತೀನಿ!"

ಬಾಮೈದನಿಗೆ ಈಗ ಪರಿಸ್ಥಿತಿ ಅರ್ಥವಾಯಿತು. ಫೋನು ಕಿತ್ತು ಲೈವು ನಿಲ್ಲಿಸಿದ. ಚಿಲಕ ತೆಗೆದ. ಶಟರು ಪೂರ್ತಿ ಏಳುವ ಮೊದಲೇ ಗಿರಣಿಯವನು ಕೆಳಗಿನಿಂದ ನುಸುಳಿ ಬಂದ. ಹಿಂದೆಯೇ ಔಷಧಿ ಅಂಗಡಿಯವನು. ಅವನ ಹಿಂದೆ ಇನ್ನೂ ನಾಲ್ಕಾರು ಗಂಡಸರು, ಎಲ್ಲರ ಬಲಗೈಯೂ ಸೊಂಟದ ಮೇಲೆ.

"ಹೆಸರು ಹೇಳಲ್ಲ ಅಂದ್ಯಲ್ಲೋ! ಮೈಯೆಲ್ಲ ಹಿಟ್ಟಿರೋನು ಈ ಬೀದೀಲಿ ನಾನಲ್ದೆ ಇನ್ಯಾವನೋ ಇದಾನೆ?" ಗಿರಣಿಯವನು ಟೇಪಣ್ಣನ ಕಾಲರು ಹಿಡಿದ. ಅಂಗಿಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು.

"ನಿನಗೋಸ್ಕರ ಗಿರಣಿ ನಿಲ್ಲಿಸಿದ್ನಲ್ಲೋ, ಪಾಪಿ!"

"ನಾನು... ಕೆಲಸದ ಅಂದ ತೋರಿಸೋಕೆ..." ಎನ್ನುತ್ತಿದ್ದ ಟೇಪಣ್ಣನಿಗೆ ಗಂಡಸರ ಹಿಂದೆ ಹೆಂಗಸರ ಗುಂಪು ಕಂಡಿತು. ಜೀವ ಬಂದಂತಾಯಿತು. "ಬನ್ನಿ ಅಮ್ಮಂದಿರೇ, ಬನ್ನಿ! ನೀವಾದ್ರೂ ನನ್ನ ಕಡೆ ನಿಲ್ಲಿ. ನಿಮ್ಮ ಕಣ್ಣು ತೆರೆಸಿದೀನಿ!"

"ಕಣ್ಣು ತೆರೆಸಿದ್ರಾ? ನಿಮ್ಮ ಬಾಯಿಗೊಂದು ಗುಂಡಿ ಹಾಕೋರು ಯಾರೂ ಇರಲಿಲ್ವಾ?" ಎಂದಳು ಗಿರಣಿಯವನ ಹೆಂಡತಿ. ಸಿಟ್ಟಿಗೆ ಅವಳ ಮೂಗು ನಡುಗುತ್ತಿತ್ತು. "ಆ ಜೇಬು ನನಗೆ ಮೊದಲ ದಿನದಿಂದ ಗೊತ್ತು. ದಿನಾ ಒಂದೊಂದು ಸಿಗರೇಟು ತೆಗೆದು ಒಲೆಗೆ ಹಾಕ್ತಿದ್ದೆ. ಎಲ್ಲೋ ಬೀಳ್ಸಿಕೊಂಡೆ ಅಂತ ಇವರು ಅಂದ್ಕೋತಿದ್ರು. ಹಾಗೆ ಕಡಿಮೆ ಮಾಡ್ತಾ ಮಾಡ್ತಾ ಎರಡಕ್ಕೆ ಇಳಿಸಿದ್ದೆ, ಎರಡಕ್ಕೆ! ನಾಳೆಯಿಂದ ಇವರು ಬೇರೆ ಕಡೆ ಬಚ್ಚಿಡ್ತಾರೆ. ಎಲ್ಲಿ ಅಂತ ಹುಡುಕ್ಲಿ?"

ಗಿರಣಿಯವನ ಕೈ ಕಾಲರಿನಿಂದ ತಾನಾಗಿ ಜಾರಿತು.

"ನಾನು ಬೇರೆ ಬ್ಯಾಟರಿ ಇಟ್ಕೊಂಡು ನೆಮ್ಮದಿಯಾಗಿ ಟಿವಿ ನೋಡ್ತಿದ್ದೆ," ಎಂದಳು ಔಷಧಿ ಅಂಗಡಿಯವನ ಹೆಂಡತಿ. "ಇನ್ಮೇಲೆ ಇವರು ರಿಮೋಟನ್ನೇ ಹೊತ್ಕೊಂಡು ಹೋಗ್ತಾರೆ. ನಿಮಗೇನು ಕೇಡು ಮಾಡಿದ್ದೆ ಟೇಪಣ್ಣ?"

ಗುಂಪು ಎರಡಾಗಿ ಸೀಳಿತು. ಹೆಡ್‌ಮಿಸ್ಸು ಒಳಗೆ ಬಂದರು. ಹಿಂದೆ ಡ್ರಾಯಿಂಗ್ ಮೇಷ್ಟ್ರು, ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನಂತೆ ನೆಲ ನೋಡುತ್ತ.

"ಇವರಿಗೆ ಸಕ್ಕರೆ ಕಾಯಿಲೆ," ಎಂದರು ಹೆಡ್‌ಮಿಸ್ಸು. "ಎದುರಿಗೆ ಬೇಡ ಅಂದ್ರೆ ಹೊರಗೆ ತಿಂತಾರೆ. ಅದಕ್ಕೇ ಆ ಜೇಬಲ್ಲಿ ಮಿಠಾಯಿ ಕಂಡಾಗಲೆಲ್ಲ ನಾನು ತೆಗೆದು, ಸಕ್ಕರೆ ಇಲ್ಲದ ಮಿಠಾಯಿ ಅದೇ ಕಾಗದದಲ್ಲಿ ಸುತ್ತಿ ಇಡ್ತಿದ್ದೆ. ಕದ್ದು ತಿಂದ ಖುಷಿ ಇವರಿಗೆ. ಕಾಯಿಲೆ ಹತೋಟೀಲಿರೋ ಖುಷಿ ನನಗೆ. ಒಳ್ಳೇ ಸಂಸಾರ ನಡೀತಿತ್ತು. ಎಲ್ಲ ಹಾಳು ಮಾಡಿದ್ರಿ!"

"ಅದಕ್ಕೇ ಅಷ್ಟು ದಿನದಿಂದ ರುಚೀನೇ ಇರಲಿಲ್ಲ!" ಎಂದರು ಮೇಷ್ಟ್ರು, ಮೊದಲ ಸಲ ತಲೆಯೆತ್ತಿ.

ಟೇಪಣ್ಣನಿಗೆ ಕಾಲಡಿಯ ನೆಲ ಮೆಷಿನ್ನಿನ ಹಲಗೆಯಂತೆ ಅಲ್ಲಾಡಿತು. "ಇದೆಲ್ಲ... ನಿಮಗೆಲ್ಲ... ಹೇಳಿದ್ದು ಯಾರು?"

ಹೆಂಗಸರೆಲ್ಲ ಒಂದೇ ಕಡೆ ನೋಡಿದರು. ಪರದೆ ಸರಿಯಿತು. ಹೆಂಡತಿ ಬಂದಳು, ಕೈಯಲ್ಲಿ ಇನ್ನೂ ಸೂಜಿದಾರ.

"ಅಂಚು ಹೊಲಿಯೋಳು ನಾನು, ಕಾಜಾ ಹೊಲಿಯೋಳು ನಾನು," ಎಂದಳು. "ನನ್ನ ಕೈ ದಾಟದೆ ಈ ಅಂಗಡಿಯಿಂದ ಒಂದು ಪ್ಯಾಂಟಾದ್ರೂ ಹೊರಗೆ ಹೋಗಿದೆಯಾ? ನೀವು ಹೊಲಿದ ಜೇಬು ನಿಮ್ಮ ಬೆರಳಿಗೆ ಸಿಗುತ್ತೆ, ನನ್ನ ಬೆರಳಿಗೆ ಸಿಗಲ್ವಾ?"

ಹೆಡ್‌ಮಿಸ್ಸು ಮೇಜಿನ ಮೇಲಿದ್ದ ಗಂಡನ ಪ್ಯಾಂಟನ್ನು ಎತ್ತಿ, ಬೆಳಕಿಗೆ ಹಿಡಿದು, ಉತ್ತರ ಪತ್ರಿಕೆಯ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಅಂಚು ಚೆನ್ನಾಗಿದೆ. ಯಾರ ಕೆಲಸ?"

"ಅವಳದ್ದು," ಎಂದ ಟೇಪಣ್ಣ.

"ಕಾಜಾ?"

"ಅವಳದ್ದೇ."

"ಈ ಗುಟ್ಟಿನ ಜೇಬು?"

"ನನ್ನದು!" ಟೇಪಣ್ಣ ಇಂಥ ಹೊತ್ತಲ್ಲೂ ಎದೆಯುಬ್ಬಿಸಿದ.

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಮಗೆ ಬೇಕು," ಎಂದರು ಹೆಡ್‌ಮಿಸ್ಸು. ಅವನ ಹೆಂಡತಿಯ ಕಡೆ ತಿರುಗಿದರು. "ಕತ್ತರಿಸೋದೂ ಬರುತ್ತೇನಮ್ಮ?"

"ಇವರು ಜ್ವರ ಅಂತ ಮಲಗಿದಾಗಲೆಲ್ಲ ನಾನೇ ಕತ್ತರಿಸಿದ್ದು ಮೇಡಂ."

"ಹಾಗಾದ್ರೆ ಆರ್ಡರು ನಿಂದು. ಶಾಲೇಲಿ ಹೊಲಿಗೆ ಕೋಣೆ ಇದೆ, ಮೆಷಿನ್ ಇದೆ. ಈಗ್ಲೇ ಬಾ, ಬ್ಯಾಂಡಿನ ಮಕ್ಕಳು ಇನ್ನೂ ಅಲ್ಲೇ ಇದಾರೆ, ಅಳತೆ ತೆಗಿ. ಈ ಅಂಗಡಿಗೆ ಮಾತ್ರ ನಾನು ಬಟ್ಟೆ ಕಳಿಸಲ್ಲ. ಇಲ್ಲಿ ಬಾಗಿಲಿಗೆ ಚಿಲಕ ಇದೆ, ಬಾಯಿಗೆ ಇಲ್ಲ."

"ಅದು ಹೇಗಾಗುತ್ತೆ?" ಟೇಪಣ್ಣ ಗುಡುಗಿದ. "ಟೈಲರ್ ನಾನು! ಟೇಪು ಯಾರ ಕೊರಳಲ್ಲಿದೆ ನೋಡಿ!"

ಹೆಂಡತಿ ಅವನ ಎದುರು ಬಂದು ನಿಂತಳು. ಅವನು ತೊಟ್ಟಿದ್ದ ಅದೇ ಕಪ್ಪು ಪ್ಯಾಂಟಿನ ಸೊಂಟಪಟ್ಟಿಯೊಳಗೆ, ಬಲಗಡೆ, ಎರಡು ಬೆರಳು ತೂರಿಸಿದಳು. ಹೊರಗೆ ತೆಗೆದು ಅಂಗೈ ಬಿಚ್ಚಿದಳು.

ಬಿಳಿ ಗುಂಡಿ.

ಟೇಪಣ್ಣನಿಗೆ ಆಗ ನೆನಪಾಯಿತು. ಮೊದಲ ಲೈವಿಗೆ ಮೊದಲು ಕನ್ನಡಿಯ ಮುಂದೆ ಉಸಿರೆಳೆದು ನಿಂತಾಗ ಗುಂಡಿ ಟಪ್ಪನೆ ಹಾರಿತ್ತು. ಆಮೇಲೆ ಹೊಲಿದರಾಯಿತು ಎಂದು ಅವನೇ ಹೆಕ್ಕಿ ಆ ಜೇಬಿನೊಳಗಿಟ್ಟು, ಲೈವಿನ ಗಡಿಬಿಡಿಯಲ್ಲಿ ಮರೆತುಬಿಟ್ಟಿದ್ದ.

"ಅವತ್ತು ರಾತ್ರೀನೇ ನೋಡಿದ್ದೆ," ಎಂದಳು ಹೆಂಡತಿ. ಧ್ವನಿಯಲ್ಲಿ ಜಗಳವಿರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. "ಹಾಗೇ ಬಿಟ್ಟೆ. ಇವತ್ತು ಒಪ್ಕೋತಾರೆ, ನಾಳೆ ಒಪ್ಕೋತಾರೆ ಅಂತ ವಾರವೆಲ್ಲ ಕಾದೆ. ನೀವು ದಿನಾ ನನ್ನನ್ನೇ ಬೈದ್ರಿ."

ಗುಂಡಿಯನ್ನು ಅವನ ಅಂಗೈಯಲ್ಲಿ ಇಟ್ಟಳು. ಅವನ ಕೊರಳಿಂದ ಟೇಪನ್ನು ಎಳೆದು ತನ್ನ ಕೊರಳಿಗೆ ಹಾಕಿಕೊಂಡಳು. ಕತ್ತರಿ ಎತ್ತಿಕೊಂಡಳು. ಹೆಡ್‌ಮಿಸ್ಸಿನ ಹಿಂದೆ ಮೆಟ್ಟಿಲಿಳಿದು ನಡೆದಳು. ಗುಂಪೂ ಕರಗಿತು. ಹೋಗುವಾಗ ಗಂಡಸರೆಲ್ಲ ಕೊಕ್ಕೆಗಳಿಂದ ತಂತಮ್ಮ ಪ್ಯಾಂಟು ಬಿಚ್ಚಿಕೊಂಡು ಹೋದರು, ಸಡಿಲ ಮಾಡಿದ್ದೋ, ಮಾಡದ್ದೋ, ಒಂದನ್ನೂ ಬಿಡದೆ.

"ಭಾವ," ಬಾಮೈದ ಮೆಲ್ಲಗೆ ಹತ್ತಿರ ಬಂದ. "ಒಂದು ಮಾತು ಹೇಳ್ಲಾ? ನೋಡಿದವರು ಸಾವಿರ ದಾಟಿದ್ರು! ನಾಳೆ ಇದೇ ಹೊತ್ತಿಗೆ ಇನ್ನೊಂದು..."

ಟೇಪಣ್ಣ ಇಸ್ತ್ರಿಪೆಟ್ಟಿಗೆ ಎತ್ತಿದ. ಬಾಮೈದ ದೀಪವನ್ನೂ ಬಿಟ್ಟು ಓಡಿದ.

ಪಕ್ಕದಲ್ಲಿ ಗಿರಣಿ ಮತ್ತೆ ಶುರುವಾಯಿತು. ಟೇಪಣ್ಣ ಸ್ಟೂಲಿನ ಮೇಲೆ ಕೂತ. "ಏನೇ, ಸೂಜಿಗೆ ದಾರ ಪೋಣಿಸಿ ಕೊಡೇ," ಎಂದು ರೂಢಿಯಂತೆ ಪರದೆಯ ಕಡೆ ಕೂಗಿದ. ಆಮೇಲೆ ತಾನೇ ತಲೆ ಕೊಡವಿಕೊಂಡ. ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡ. ಅವಳು ಬಂದಾಗ ಬಾಯಿಂದ ಇನ್ನೊಂದು ತಪ್ಪು ಮಾತು ಬೀಳಬಾರದಲ್ಲ.

ಬಾಗಿಲ ಕಡೆ ಮುಖ ಮಾಡಿ ಕಾದ. ಗಿರಣಿಯ ಗದ್ದಲದ ನಡುವೆಯೂ ಶಾಲೆಯ ಕಡೆಯಿಂದ ಬ್ಯಾಂಡಿನ ಡೋಲಿನ ಸದ್ದು ಕೇಳುತ್ತಿತ್ತು. ಕಾಯುತ್ತ ಕಾಯುತ್ತ ಅವನ ಬಲಗೈ, ಅವನಿಗೆ ಅರಿವಿಲ್ಲದೆಯೇ, ಬಿಳಿ ಗುಂಡಿಯನ್ನು ಸೊಂಟಪಟ್ಟಿಯೊಳಗಿನ ಅದೇ ಜೇಬಿಗೆ ಸೇರಿಸಿತು.

ಡೋಲು ನಿಂತಿತು. ಗಿರಣಿಯೂ ನಿಂತಿತು. ಅವಳು ಬರಲಿಲ್ಲ.